ತಂಗಳು ಯಾರ ತಟ್ಟೆಗೆ?

ಭಗವದ್ಗೀತೆಯ 17ನೆಯ ಅಧ್ಯಾಯವು ತಂಗಳನ್ನು ತಾಮಸರಿಗೆ ಪ್ರಿಯವಾದ ಆಹಾರವೆನ್ನುತ್ತದೆ. ತೈತ್ತಿರೀಯ ಉಪನಿಷತ್ತಾದರೋ ಅನ್ನವನ್ನು ತಿರಸ್ಕರಿಸದಿರುವುದನ್ನೇ ವ್ರತವಾಗಿ ವಿಧಿಸುತ್ತದೆ. ಈ ಎರಡರ ನಡುವೆ ನಮ್ಮ ಗೃಹಿಣಿ ದಿನವೂ ದಾರಿ ಹುಡುಕುತ್ತಾಳೆ. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುತ್ತದೆ, ಇಲ್ಲವೇ ಅಕ್ಕಿಹಿಟ್ಟಿನೊಡನೆ ನಾದಿ ರೊಟ್ಟಿಯಾಗುತ್ತದೆ. ಮುಂಬಯಿಯ ಮರಾಠಿ ನೆರೆಹೊರೆಯಿಂದ ಕಲಿತಂತೆ, ಮಿಕ್ಕ ಚಪಾತಿ ಪುಡಿಯಾಗಿ ಒಗ್ಗರಣೆ ಸೇರುತ್ತದೆ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತು ವ್ಯರ್ಥಮಾಡಿದ ಆಹಾರ 105 ಕೋಟಿ ಟನ್. ಅದರಲ್ಲಿ ಶೇಕಡಾ 60ರಷ್ಟು ಮನೆಗಳದ್ದೇ. ಆದ್ದರಿಂದ ಉಳಿದುದನ್ನು ಬಳಸುವುದು ಧರ್ಮವೇ ಸರಿ. ಆದರೆ ಆ ಧರ್ಮವನ್ನು ಪಾಲಿಸುವವರು ಯಾರು? ಎಷ್ಟೋ ಮನೆಗಳಲ್ಲಿ ಬಿಸಿಯಡಿಗೆ ಗಂಡ ಮಕ್ಕಳಿಗೆ, ನಿನ್ನೆಯದು ಬಡಿಸಿದವಳಿಗೆ, ಮೊನ್ನೆಯದು ಕೆಲಸದಾಕೆಗೆ. ಗೃಹಿಣಿ ಉಂಡದ್ದನ್ನು ತ್ಯಾಗವೆಂದೂ ಕೆಲಸದಾಕೆಗೆ ಕೊಟ್ಟದ್ದನ್ನು ದಾನವೆಂದೂ ಕರೆದು ಉಳಿದವರು ನೆಮ್ಮದಿಯಾಗಿರುತ್ತೇವೆ.

ನಮಗೆ ಬೇಡವಾದುದನ್ನು ಕೊಟ್ಟರೆ ಪಾತ್ರೆ ಬರಿದಾದೀತು, ಪುಣ್ಯ ಬಾರದು. ಹಳಸಿದ್ದನ್ನು ಯಾರೂ ಉಣ್ಣಬಾರದು. ಹಳಸದಿದ್ದರೆ ಎಲ್ಲರೂ ಉಣ್ಣಬಹುದು. ಕೆಲಸದಾಕೆಗೆ ಕೊಡುವುದಿದ್ದರೆ ಇಂದಿನದನ್ನೇ ಕೊಡೋಣ. ನಿನ್ನೆಯ ಸಾರನ್ನು ಮೊದಲು ಮನೆಯ ಯಜಮಾನನೇ ಒಂದು ಸೌಟು ಬಡಿಸಿಕೊಳ್ಳಲಿ.