ಕಾಯಲಾರದ ಪೆಟ್ಟಿಗೆ

ಆ ಉದ್ದನೆಯ ರಟ್ಟಿನ ಪೆಟ್ಟಿಗೆ ನಮ್ಮ ಮನೆಗೆ ಬಂದ ದಿನ ಎದುರು ಮನೆಯ ಅಜ್ಜಿ, "ಏನವ್ವ ಟೀಚರಮ್ಮ, ಇಸ್ತ್ರಿ ಮಾಡೋ ಮೇಜು ತರಿಸಿದ್ಯಾ?" ಎಂದು ಕೇಳಿದ್ದರು. ಕೀಬೋರ್ಡ್ ಎಂದರೆ ಅವರಿಗೆ ತಿಳಿಯದು. "ಕರೆಂಟಿನ ಹಾರ್ಮೋನಿಯಂ ಅಜ್ಜಿ, ನಾನು ಕಲೀಬೇಕು ಅಂತ" ಎಂದೆ. ಅಜ್ಜಿ ಒಂದು ಗಳಿಗೆ ನನ್ನ ನರೆಗೂದಲನ್ನೇ ನೋಡಿದರು. "ಕಲಿಯವ್ವ, ಕಲಿ. ಮೊಮ್ಮಕ್ಕಳು ಬಂದ ಮೇಲೆ ಅವರ ಜೋಡಿ ನೀನೂ ಶಾಲಿಗೆ ಹೋಗು" ಎಂದು ನಕ್ಕರು. ನಾನೂ ನಕ್ಕೆ.

ನಮ್ಮಪ್ಪ ಹಾರ್ಮೋನಿಯಂ ಮಾಸ್ತರು. ಸುಗ್ಗಿ ಮುಗಿದು ಬೇಸಿಗೆ ಬಂತೆಂದರೆ ಸುತ್ತಲ ಹಳ್ಳಿಗಳಲ್ಲಿ ಬಯಲಾಟವೋ ನಾಟಕವೋ ಇದ್ದೇ ಇರುತ್ತಿತ್ತು. ಅಪ್ಪ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದರೆ ಬೆಳಗಿನ ಜಾವಕ್ಕೆ ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದರು. ಮನೆಯಲ್ಲಿ ಅಣ್ಣ ಪೆಟ್ಟಿಗೆ ಮುಟ್ಟಬಹುದಿತ್ತು, ನಾನು ಮುಟ್ಟುವಂತಿರಲಿಲ್ಲ. 'ರಕ್ತರಾತ್ರಿ' ನಾಟಕದಲ್ಲಿ ಸುಭದ್ರಮ್ಮ ಮನ್ಸೂರರ ದ್ರೌಪದಿಯನ್ನು ನೋಡಲು ಊರಿಗೆ ಊರೇ ಹೊರಡುತ್ತಿದ್ದ ಕಾಲ ಅದು. ನಮ್ಮಮ್ಮನೂ ಹೋಗಿ ಕಣ್ಣೊರೆಸಿಕೊಂಡು ಬಂದವಳೇ. ಆದರೆ ಮನೆಯ ಮಗಳು ಹಾರ್ಮೋನಿಯಂ ಮುಂದೆ ಕೂತರೆ ಮಾತ್ರ, "ನಾಳೆ ನಿನ್ನನ್ನ ಯಾರು ಮಾಡ್ಕೊಂತಾರೆ?" ಎನ್ನುತ್ತಿದ್ದಳು. ಮೆಚ್ಚುವುದು ಬೇರೆ, ಮನೆಗೆ ಬಿಟ್ಟುಕೊಳ್ಳುವುದು ಬೇರೆ ಎಂಬ ಪಾಠವನ್ನು ನಾನು ಕಲಿತದ್ದು ಹೀಗೆ. ಅಪ್ಪ ಹೋದ ಮೇಲೆ ಪೆಟ್ಟಿಗೆ ಅಣ್ಣನ ಪಾಲಿಗೆ ಹೋಯಿತು. ಅವನು ಅದನ್ನು ಅಟ್ಟಕ್ಕೆ ಹಾಕಿದ, ಇಲಿಗಳು ತಿದಿಯನ್ನು ತಿಂದವು.

ನನ್ನ ಪಾಲಿಗೆ ಉಳಿದದ್ದು ಅಪ್ಪನ ಒಂದು ಮಾತು. ಯಾರೋ ಒಬ್ಬ ಹೊಸ ಪಾತ್ರಧಾರಿ ಹಾಡಿನಲ್ಲಿ ತಾಳ ತಪ್ಪಿದಾಗ ಅಪ್ಪ ಅವನ ಹಿಂದೆಯೇ ಹೋಗಿ, ತಾನೂ ತಪ್ಪಿದಂತೆ ಮಾಡಿ, ಜನಕ್ಕೆ ಗೊತ್ತಾಗದಂತೆ ಅವನನ್ನು ದಾರಿಗೆ ತಂದಿದ್ದರಂತೆ. "ಆಟದವನು ಎಡವಿದರೆ ಪೆಟ್ಟಿಗೆಯೂ ನಿಲ್ಲಬೇಕು. ಅವನ ಬಿಟ್ಟು ಮುಂದೆ ಹೋಗಾದು ಸಾಥ್ ಅಲ್ಲ" ಎನ್ನುತ್ತಿದ್ದರು. ಆಗ ಇದು ನನಗೆ ಅರ್ಥವಾಗಿರಲಿಲ್ಲ.

ಮಗನಿಗೆ ಕೆಲಸ ಸಿಕ್ಕು, ಸಾಲ ತೀರಿ, ಕೈಯಲ್ಲಿ ನಾಲ್ಕು ಕಾಸು ನಿಂತಾಗ ನಾನು ಮೊದಲು ಕೊಂಡದ್ದು ಈ ಕೀಬೋರ್ಡು. ಜೋಡಿಸುವುದೇ ಒಂದು ದಿನದ ಕೆಲಸವಾಯಿತು. ಕತ್ತರಿಯಂತೆ ತೆರೆದುಕೊಳ್ಳುವ ಸ್ಟ್ಯಾಂಡು. ಅದರ ಎತ್ತರವನ್ನು ಕುಳಿತಾಗ ನಮ್ಮ ಮೊಣಕೈ ಮನೆಗಳ ಮಟ್ಟಕ್ಕೆ ಬರುವಂತೆ ನಿಲ್ಲಿಸಬೇಕು, ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಹೆಗಲು ಹಿಡಿದುಕೊಳ್ಳುತ್ತದೆ. ಅದರ ಜೊತೆ ಬಂದ ಅಡಾಪ್ಟರನ್ನೇ ಹಾಕಬೇಕು, ಪಿನ್ನು ಹೊಂದಿತೆಂದು ಬೇರೆಯದನ್ನು ಹಾಕಿದರೆ ಒಳಗೆ ಸುಟ್ಟೀತು. ಒಟ್ಟು 61 ಮನೆಗಳು, ಅಂದರೆ ಐದು ಸಪ್ತಕ. ನಮ್ಮೂರ ಧೂಳಿಗೆ ಒಂದು ಹಳೆಯ ಹತ್ತಿ ಸೀರೆ ಹೊದಿಸಿದೆ.

ಕಲಿಯಲು ಕುಳಿತಾಗ ತಿಳಿಯಿತು, ಹಾರ್ಮೋನಿಯಂ ನುಡಿಸುವವರ ಎಡಗೈಗೆ ಗಾಳಿ ತುಂಬುವುದೊಂದೇ ಕೆಲಸ, ಇಲ್ಲಿ ಎರಡು ಕೈಗೂ ಬೇರೆ ಬೇರೆ ಕೆಲಸ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಮೊದಲ ಮೂರು ತಿಂಗಳು ನನ್ನ ಕೈಗಳದು ಅದೇ ಕತೆ. ಎಂಟು ಸ್ವರಕ್ಕೆ ಬೆರಳು ಐದೇ. ಮೂರನೆಯ ಸ್ವರವಾದ ಮೇಲೆ ಹೆಬ್ಬೆರಳನ್ನು ಉಳಿದ ಬೆರಳುಗಳ ಕೆಳಗಿನಿಂದ ನುಸುಳಿಸಬೇಕು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಹೆಬ್ಬೆರಳು ಅಷ್ಟು ಸುಲಭವಾಗಿ ಬಗ್ಗುವುದೇ? ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಹಲಗೆಯ ಮೇಲೆ ಬೆರಳು ಎಣಿಸುತ್ತಿದ್ದೆ.

ಈ ಯಂತ್ರದಲ್ಲಿ ಶ್ರುತಿ ಬದಲಿಸುವ ಒಂದು ಗುಂಡಿ ಇದೆ. ನಾನು ಕಲಿತದ್ದು ಬಿಳಿ ಒಂದರ ಮೇಲೆ. ಶಾಲೆಯ ಮಕ್ಕಳ ಕಂಠಕ್ಕೆ ಅದು ತಗ್ಗಾಯಿತು. ಅಪ್ಪನಾಗಿದ್ದರೆ ಕೈಯನ್ನು ಬೇರೆ ಪಟ್ಟಿಗೆ ಸರಿಸಿಕೊಳ್ಳುತ್ತಿದ್ದರು. ಅದಕ್ಕೆ ವರ್ಷಗಟ್ಟಲೆ ಸಾಧನೆ ಬೇಕು. ನಾನು ಗುಂಡಿ ಒತ್ತಿ ಮೂರು ಮೆಟ್ಟಿಲು ಏರಿಸಿದೆ, ಬೆರಳು ಇದ್ದಲ್ಲೇ ಇದ್ದವು. ಸಪ್ತಕದ ಹನ್ನೆರಡು ಮೆಟ್ಟಿಲುಗಳನ್ನೂ ಸಮನಾಗಿ ಹಂಚಿರುವುದರಿಂದ ಇದು ಸಾಧ್ಯ. ಇದು ಮೋಸವೇ ಎಂದು ಒಂದು ವಾರ ಯೋಚಿಸಿದೆ. ಕೊನೆಗೆ ಅಲ್ಲವೆನ್ನಿಸಿತು. ಕಣ್ಣಿಗೆ ಕನ್ನಡಕ ಹಾಕಿಕೊಂಡವಳು ಓದುವುದೇನು ಸುಳ್ಳೇ? ಅಲ್ಲದೆ ಹಾರ್ಮೋನಿಯಮ್ಮೇ ಒಂದು ಕಾಲಕ್ಕೆ ಅಪರಾಧಿಯ ಸ್ಥಾನದಲ್ಲಿತ್ತು. 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಆ ವಾದ್ಯ ನಮ್ಮ ಮೀಂಡು, ಗಮಕಗಳನ್ನು ನುಡಿಸಲಾರದೆಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಅಷ್ಟರಲ್ಲಿ ಗದುಗಿನ ಪುಟ್ಟರಾಜ ಗವಾಯಿಗಳಂಥವರ ಕೈಯಲ್ಲಿ ಅದು ನಮ್ಮದೇ ಆಗಿಹೋಗಿತ್ತು. ಯಂತ್ರಕ್ಕೆ ಜಾತಿ ಹೇಳಿ ಪ್ರಯೋಜನವಿಲ್ಲ, ಕೈಯ ಗುಣ ನೋಡಬೇಕು ಎಂದುಕೊಂಡೆ.

ಆದರೆ ಇನ್ನೊಂದು ಗುಂಡಿ ಇತ್ತು, ಮುದ್ರಿಸುವ ಗುಂಡಿ. ಅದನ್ನೊತ್ತಿ ನುಡಿಸಿದರೆ ಯಂತ್ರ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ. ಟೇಪ್ ರೆಕಾರ್ಡರಿನಂತೆ ನಾದವನ್ನಲ್ಲ. ಯಾವ ಮನೆಯನ್ನು ಯಾವ ಕ್ಷಣಕ್ಕೆ ಎಷ್ಟು ಜೋರಾಗಿ ಒತ್ತಿದೆ, ಯಾವಾಗ ಬಿಟ್ಟೆ ಎಂಬ ಲೆಕ್ಕವನ್ನು ಬರೆದಿಡುತ್ತದೆ. ಆಮೇಲೆ ಆ ಲೆಕ್ಕದಂತೆ ತಾನೇ ನುಡಿಸುತ್ತದೆ. ನಮ್ಮ ಬೆರಳಿನ ದೆವ್ವ ಬಂದು ಕೂತಂತೆ.

ಈಗ ನಾನು ಹೇಳಬೇಕಾದ ಸಂಗತಿಗೆ ಬರುತ್ತೇನೆ. 2023ರ ರಾಜ್ಯೋತ್ಸವಕ್ಕೆ ನಾಡಗೀತೆಗೆ ಕೀಬೋರ್ಡ್ ನುಡಿಸುತ್ತೇನೆಂದು ನಾನೇ ಮುಂದಾಗಿ ಒಪ್ಪಿಕೊಂಡಿದ್ದೆ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರದ ಆದೇಶವಾಗಿತ್ತು. ನಾನು ಗಡಿಯಾರವಿಟ್ಟುಕೊಂಡು ಅಭ್ಯಾಸ ಮಾಡಿದೆ. ಹತ್ತು ಸಲ ನುಡಿಸಿದರೆ ಏಳು ಸಲ ಎಲ್ಲೋ ಒಂದು ಕಡೆ ಬೆರಳು ಜಾರುತ್ತಿತ್ತು. ಹಿಂದಿನ ರಾತ್ರಿ ಒಮ್ಮೆ ತಪ್ಪಿಲ್ಲದೆ ಬಂತು. ಪುಣ್ಯಕ್ಕೋ ಪಾಪಕ್ಕೋ, ಆಗ ಮುದ್ರಿಸುವ ಗುಂಡಿ ಒತ್ತಿದ್ದೆ.

ಬೆಳಿಗ್ಗೆ ವೇದಿಕೆಯ ಮೇಲೆ ಕುಳಿತಾಗ ಹೊಟ್ಟೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು. ಎದುರಿಗೆ ಊರ ಹಿರಿಯರು, ತಾಯಂದಿರು. ನಾನು ಮನೆಗಳ ಮೇಲೆ ಬೆರಳಿಟ್ಟೆ, ಒತ್ತಲಿಲ್ಲ. ಇನ್ನೊಂದು ಕೈಯಿಂದ ಆ ಗುಂಡಿ ಒತ್ತಿದೆ. ನಿನ್ನೆ ರಾತ್ರಿಯ ನಾನು ನುಡಿಸತೊಡಗಿದಳು, ಇವತ್ತಿನ ನಾನು ಕೈಯಾಡಿಸುತ್ತ ಕುಳಿತೆ.

ಎರಡನೆಯ ಚರಣದಲ್ಲಿ ಮೈಕಿನ ಮುಂದಿದ್ದ ಐದನೆಯ ತರಗತಿಯ ಮಗುವಿಗೆ ಕೆಮ್ಮು ಬಂತು. ಒಂದೇ ಒಂದು ಕೆಮ್ಮು. ಅವಳು ಉಸಿರೆಳೆದುಕೊಂಡು ಎತ್ತುವಷ್ಟರಲ್ಲಿ ಪೆಟ್ಟಿಗೆ ಅರ್ಧ ಸಾಲು ಮುಂದೆ ಹೋಗಿತ್ತು. ಅವಳ ಹಿಂದಿನವರು ಕೆಲವರು ಅವಳ ಜೊತೆ ಉಳಿದರು, ಕೆಲವರು ಪೆಟ್ಟಿಗೆಯ ಹಿಂದೆ ಓಡಿದರು. ಮಗು ಗಾಬರಿಯಿಂದ ನನ್ನ ಮುಖ ನೋಡಿತು. ನಾನು ನಿಲ್ಲಿಸುವಂತಿರಲಿಲ್ಲ, ನಿಲ್ಲಿಸಿದರೆ ಗುಟ್ಟು ರಟ್ಟು. ಹೇಗೋ ಮುಗಿಯಿತು. ಚಪ್ಪಾಳೆ ಬಂತು. "ಟೀಚರ್ ಒಂದು ಸ್ವರ ತಪ್ಪಲಿಲ್ಲ, ಹುಡುಗರೇ ತಪ್ಪಿದರು" ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಮಗು ಪರದೆಯ ಹಿಂದೆ ನಿಂತು ಲಂಗದಲ್ಲಿ ಕಣ್ಣೊರೆಸಿಕೊಳ್ಳುತ್ತಿತ್ತು.

ನನ್ನ ಪಕ್ಕದಲ್ಲಿ ಹಾಳೆ ಮಗುಚಲು ನಿಂತಿದ್ದವಳು ಎಂಟನೆಯ ತರಗತಿಯ ಒಬ್ಬ ಹುಡುಗಿ. ಅವಳು ನನ್ನ ಬೆರಳುಗಳನ್ನು ನೋಡಿದ್ದಳು. ಏನೂ ಅನ್ನಲಿಲ್ಲ. ಹಾಳೆಗಳನ್ನು ಜೋಡಿಸಿ ನನ್ನ ಕೈಗಿತ್ತು ಹೋದಳು.

ಬೇರೆ ಯಾರೇ ನೋಡಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲವೇನೋ. ಹದಿನೈದು ದಿನದ ಹಿಂದೆ ಸಮಾಜ ವಿಜ್ಞಾನದ ಕಿರುಪರೀಕ್ಷೆಯಲ್ಲಿ ಇದೇ ಹುಡುಗಿಯ ಕೈಯಲ್ಲಿ ಚೀಟಿ ಸಿಕ್ಕಿತ್ತು. ನಾನು ಸೊನ್ನೆ ಹಾಕಿದ್ದೆ. ಅಷ್ಟಕ್ಕೆ ನಿಲ್ಲದೆ ಇಡೀ ತರಗತಿಯ ಮುಂದೆ "ಕಳ್ಳಿ" ಎಂದಿದ್ದೆ. ಅವಳು ಅಳುತ್ತಾ, "ಕದ್ದಿಲ್ಲ ಟೀಚರ್, ನಾನಾ ಬರ್ದಿದ್ದು. ನಿನ್ನೆ ರಾತ್ರಿ ಕುಂತು ನಾನಾ ಬರ್ದಿದ್ದು" ಎಂದಿದ್ದಳು. ಎಂಥ ಮೊಂಡು ವಾದ ಎಂದು ಆಗ ಸಿಟ್ಟು ಬಂದಿತ್ತು. ಈಗ ಅದೇ ವಾದ ನನ್ನ ಬಾಯಿಗೂ ಬರುತ್ತಿತ್ತು. ನಾನು ಯಾರದನ್ನೂ ಕದ್ದಿಲ್ಲ, ನಿನ್ನೆ ರಾತ್ರಿ ಕುಳಿತು ನಾನೇ ನುಡಿಸಿದ್ದು.

ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮದೇ ಶ್ರಮವನ್ನು ನಿನ್ನೆಯಿಂದ ಇವತ್ತಿಗೆ ತಂದುಕೊಂಡರೆ ತಪ್ಪೇನು? ಹಪ್ಪಳ ಸಂಡಿಗೆಯನ್ನು ಬೇಸಿಗೆಯಲ್ಲಿ ಮಾಡಿಟ್ಟು ಮಳೆಗಾಲದಲ್ಲಿ ಕರಿಯುತ್ತೇವೆ, ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ. ಹಾಗಾದರೆ ಇಲ್ಲಿ ಸುಳ್ಳು ಎಲ್ಲಿದೆ? ಮುಚ್ಚಿಟ್ಟದ್ದರಲ್ಲಿ ಎಂದು ಮೊದಲು ಅನ್ನಿಸಿತು. ಅದು ನಿಜ, ಆದರೆ ಅಷ್ಟೇ ಅಲ್ಲ. 'ಇದು ಮುದ್ರಿಸಿದ್ದು' ಎಂದು ಮೈಕಿನಲ್ಲಿ ಸಾರಿ ಹಾಕಿದ್ದರೂ ಆ ಮಗು ಅತ್ತೇ ಅಳುತ್ತಿತ್ತು.

ಆಗ ಆ ಚೀಟಿ ನೆನಪಾಯಿತು. ನಾನು ಕೇಳಿದ್ದು ಹೊಸ ಶಿಲಾಯುಗದ ಪ್ರಶ್ನೆ. ನಮ್ಮೂರ ಬೂದಿದಿಬ್ಬ ಆ ಕಾಲದ್ದೇ. ದನ ಸಾಕಿದ ಜನ ಸೆಗಣಿಯನ್ನು ಸುಟ್ಟೂ ಸುಟ್ಟೂ ಆದ ದಿಬ್ಬ. ಹುಡುಗಿ ಉತ್ತರ ಪತ್ರಿಕೆಯಲ್ಲಿ ಇಳಿಸಿದ್ದು ಹಳೆಯ ಶಿಲಾಯುಗದ ಉತ್ತರ, ಚೀಟಿಯಲ್ಲಿ ಇದ್ದದ್ದು ಅದು. ಪ್ರಶ್ನೆ ಏನೆಂದು ಚೀಟಿಗೆ ಕೇಳಿಸುವುದಿಲ್ಲ. ನನ್ನ ಪೆಟ್ಟಿಗೆಗೂ ಮಗುವಿನ ಕೆಮ್ಮು ಕೇಳಿಸಲಿಲ್ಲ. ಪರೀಕ್ಷೆಯಾಗಲಿ ಸಾಥ್ ಆಗಲಿ, ಎದುರಿಗಿರುವವರು ಈ ಕ್ಷಣ ಕೇಳಿದ್ದಕ್ಕೆ ಈ ಕ್ಷಣ ಓಗೊಡುವುದು. ಶ್ರುತಿ ಏರಿಸುವ ಗುಂಡಿ ಒತ್ತಿದಾಗ ನಾನು ಮಕ್ಕಳ ಕಂಠದ ಕಡೆಗೆ ಒಂದು ಹೆಜ್ಜೆ ನಡೆದಿದ್ದೆ. ಮುದ್ರಿಸಿದ್ದನ್ನು ಒತ್ತಿದಾಗ ಅವರನ್ನು ಬಿಟ್ಟು ಎದ್ದುಹೋಗಿದ್ದೆ. ಎರಡೂ ಗುಂಡಿಗಳೇ, ಎರಡೂ ಯಂತ್ರದವೇ. ಅಪ್ಪನ ಮಾತು ಅರ್ಥವಾಗಲು ನನಗೆ ನಲವತ್ತು ವರ್ಷ ಬೇಕಾಯಿತು.

ಮಾರನೆಯ ದಿನ ತರಗತಿಗೆ ಹೋಗಿ ಹಾಜರಿ ಕೂಗುವ ಮೊದಲು ಹೇಳಿದೆ. ನಿನ್ನೆ ನಾನು ನುಡಿಸಲಿಲ್ಲ, ಪೆಟ್ಟಿಗೆ ನುಡಿಸಿತು. ಹೆದರಿಕೆಯಿಂದ ಹಾಗೆ ಮಾಡಿದೆ. ಇವಳೂ ಹೆದರಿಕೆಯಿಂದಲೇ ಚೀಟಿ ತಂದಿದ್ದಳು. ಚೀಟಿ ತಂದದ್ದು ತಪ್ಪು, ಆ ಸೊನ್ನೆ ಇರಲಿ. 'ಕಳ್ಳಿ' ಎಂಬ ಮಾತು ನನ್ನದು, ಅದನ್ನು ಇಲ್ಲಿಯೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ತರಗತಿ ಗಪ್ಪಾಗಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ, "ಹಂಗಾದ್ರೆ ನಿಮಗೂ ಸೊನ್ನೆನಾ ಟೀಚರ್?" ಎಂದ. ಹೌದಪ್ಪ, ನನಗೂ ಸೊನ್ನೆ ಎಂದೆ. ಎಲ್ಲರೂ ನಕ್ಕರು. ಆ ಹುಡುಗಿ ಮಾತ್ರ ನಗಲಿಲ್ಲ, ತಲೆ ಬಗ್ಗಿಸಿಕೊಂಡಿದ್ದಳು. ಒಂದು ಮಾತಿನ ಗಾಯ ಇನ್ನೊಂದು ಮಾತಿನಿಂದ ಅಷ್ಟು ಬೇಗ ಮಾಯುವುದೆಂದು ನಾವು ದೊಡ್ಡವರು ನಂಬಿಕೊಂಡಿರುತ್ತೇವೆ. ಐದನೆಯ ತರಗತಿಗೂ ಹೋಗಿ ಆ ಮಗುವಿಗೆ, ತಪ್ಪು ನಿನ್ನದಲ್ಲ ಎಂದು ಹೇಳಿ ಬಂದೆ. ಚಪ್ಪಾಳೆ ತಟ್ಟಿದ ಹಿರಿಯರಿಗೆ ಹೇಳಲು ಧೈರ್ಯವಾಗಲಿಲ್ಲ. ಈ ಬರಹ ಅವರ ಕೈಗೆ ಸಿಕ್ಕರೆ ಆ ಬಾಕಿಯೂ ತೀರಿದಂತೆ.

ಆ ಡಿಸೆಂಬರಿನಲ್ಲಿ ಮಕ್ಕಳನ್ನು ಬಳ್ಳಾರಿ ಹತ್ತಿರದ ಸಂಗನಕಲ್ಲು ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳಿವೆ. ಹೊಸ ಶಿಲಾಯುಗದ ಜನ ಅವನ್ನು ಬಾರಿಸುತ್ತಿದ್ದರೆಂದು ತಿಳಿದವರು ಹೇಳುತ್ತಾರೆ. ಪೆಟ್ಟು ಬಿದ್ದು ಬಿದ್ದು ನುಣುಪಾದ ಗುಳಿಗಳು ಕಾಣುತ್ತವೆ. ಮುಟ್ಟಿ ಸವೆಸಬಾರದೆಂದು ಮಕ್ಕಳಿಗೆ ಎಚ್ಚರಿಸಿ ಗುಳಿಗಳನ್ನಷ್ಟೇ ತೋರಿಸಿದೆ. ಆ ಹುಡುಗಿ ಬಹಳ ಹೊತ್ತು ನೋಡಿ, "ಟೀಚರ್, ಇದ್ರಾಗೆ ಗುಂಡಿ ಇಲ್ಲ" ಎಂದಳು. ಅವಳ ಮುಖದಲ್ಲಿ ಅಂದು ಮೊದಲ ಸಲ ಸಣ್ಣ ನಗೆ ಕಂಡೆ.

ಈಗ ಬೆಳಗಿನ ಪ್ರಾರ್ಥನೆಗೆ ನಾನು ಕೈಯಾರೆ ನುಡಿಸುತ್ತೇನೆ. ವಾರಕ್ಕೆ ನಾಲ್ಕು ದಿನವಾದರೂ ತಪ್ಪುತ್ತೇನೆ, ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ಎರಡೂವರೆ ನಿಮಿಷದ ಹಾಡು ಒಮ್ಮೊಮ್ಮೆ ಹತ್ತು ಸೆಕೆಂಡು ಹೆಚ್ಚಾಗುತ್ತದೆ. ಯಾರಿಗಾದರೂ ಕೆಮ್ಮು ಬಂದರೆ ಬೆರಳನ್ನು ಆ ಸ್ವರದ ಮೇಲೆಯೇ ಒತ್ತಿ ಹಿಡಿದು ಕಾಯುತ್ತೇನೆ.