ಪಾದ್ರಿಗಳ ಮನೆಯ ಮಕ್ಕಳು

ಹಳಗನ್ನಡದ ಒಂದು ಪದ ಕಾಡಿದಾಗ ನಮ್ಮಲ್ಲಿ ಕೆಲವರು ಕಪಾಟಿನಿಂದ ಇಳಿಸುವುದು ಕಿಟೆಲ್ ಕೋಶವನ್ನು. ಬಾಸೆಲ್ ಮಿಷನ್ನಿನ ಈ ಜರ್ಮನ್ ಪಾದ್ರಿ ನಮ್ಮ ನಾಡಿಗೆ ಬಂದದ್ದು 1853ರಲ್ಲಿ. ಸುಮಾರು 70,000 ಪದಗಳ ಕೋಶ ಅಚ್ಚಾದದ್ದು 1894ರಲ್ಲಿ. ಇದೆಲ್ಲ ತಮಗೂ ಗೊತ್ತು. ಆ ಪಾದ್ರಿಗಳ ಮನೆಗಳ ದಿನಚರಿ ಮಾತ್ರ ನಮ್ಮ ಭಾಷಣಗಳಲ್ಲಿ ಬರುವುದಿಲ್ಲ. ಕರಾವಳಿಯ ಮಳೆ, ಜ್ವರ, ಭೇದಿ, ತಿಂಗಳುಗಟ್ಟಲೆ ಕಾದ ಮೇಲೆ ಊರಿನಿಂದ ಒಂದು ಕಾಗದ. ಇಷ್ಟೂ ಅವರೇ ಆರಿಸಿಕೊಂಡ ಕಷ್ಟ.

ಮಕ್ಕಳು ಆರಿಸಿಕೊಂಡಿರಲಿಲ್ಲ. ಅದೇ 1853ರಲ್ಲಿ ಮಿಷನ್ ಒಂದು ನಿಯಮ ಮಾಡಿತು: ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಬಾಸೆಲ್‌ಗೆ ಕಳಿಸಬೇಕು, ಅವರು ಅಲ್ಲಿನ ಮಕ್ಕಳ ಮನೆಯಲ್ಲಿ ಬೆಳೆಯಬೇಕು. ಹಡಗು ಹತ್ತಿದ ಮಗು ಅಮ್ಮನ ಮುಖ ನೋಡುವುದು ಮತ್ತೆ ಎಷ್ಟೋ ವರ್ಷಗಳ ಮೇಲೆ.

ಧ್ಯೇಯಕ್ಕಾಗಿ ತಾನು ಕಷ್ಟಪಡುವುದು ಸರಿ. ಆ ಕಷ್ಟವನ್ನು ಆರು ವರ್ಷದ ಮಗುವಿನ ಪಾಲಿಗೂ ಹಂಚಬಹುದೇ? ಕೂಡದು ಎಂದೇ ನಮ್ಮ ಅಭಿಪ್ರಾಯ. ಮಕ್ಕಳು ಜ್ವರದಿಂದ ಉಳಿಯಲಿ ಎಂಬ ಕಾರಣವನ್ನೇನೋ ವೈದ್ಯರಾದ ನಾವು ತಳ್ಳಿಹಾಕುವಂತಿಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್‌ಗೆ ಮಲೇರಿಯಾದ ಸುಳಿವು ಸಿಕ್ಕಿದ್ದೇ 1897ರಲ್ಲಿ. ಆದರೂ ನಿಯಮ ಮಾಡಿದ್ದು ಬಾಸೆಲ್‌ನಲ್ಲಿ ಕುಳಿತ ಕಮಿಟಿ, ಹೆತ್ತ ತಾಯಿಯಲ್ಲ.

ಹೊರನಾಡಿಗೆ ಬಂದ ನಾವು ಮಕ್ಕಳನ್ನು ಜೊತೆಯಲ್ಲೇ ಇಟ್ಟುಕೊಂಡೆವು. ಊರಿನಲ್ಲಿ ಬಿಟ್ಟದ್ದು ಅಪ್ಪ-ಅಮ್ಮಂದಿರನ್ನು, ಅದೂ ಯಾವ ಕಮಿಟಿಯ ನಿಯಮವೂ ಇಲ್ಲದೆ. ಭಾನುವಾರದ ಫೋನಿನಲ್ಲಿ ಅವರು, "ನಮಗೇನೂ ತೊಂದರೆಯಿಲ್ಲಪ್ಪ, ನೀವು ಚೆನ್ನಾಗಿರಿ" ಎನ್ನುತ್ತಾರೆ.