ಹೆದರುವ ಹಕ್ಕು

ಸಿಪಾಯಿಯಾದವನು ಅಪ್ಪಣೆ ಮೀರಬಾರದೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಅಪ್ಪಣೆಯ ಭಾರ ಎಲ್ಲರ ಹೆಗಲ ಮೇಲೂ ಸಮನಾಗಿ ಬಿದ್ದೀತೆ?

೧೯೪೪ರ ಜುಲೈ ೧೭ರ ರಾತ್ರಿ ಕ್ಯಾಲಿಫೋರ್ನಿಯದ ಪೋರ್ಟ್ ಷಿಕಾಗೋದಲ್ಲಿ ಹಡಗಿಗೆ ಏರಿಸುತ್ತಿದ್ದ ಮದ್ದುಗುಂಡು ಸಿಡಿದು ೩೨೦ ಮಂದಿ ಸತ್ತರು. ಅವರಲ್ಲಿ ೨೦೨ ಮಂದಿ ಕಪ್ಪು ವರ್ಣದವರು. ಹೊರುವವರೆಲ್ಲ ಕಪ್ಪು ಜನ, ಹೊರಿಸುವ ಅಧಿಕಾರಿಗಳೆಲ್ಲ ಬಿಳಿಯರು. ಆ ಬಂದರಿನ ಪದ್ಧತಿಯೇ ಹಾಗಿತ್ತು. ಅನಾಹುತದ ತರುವಾಯ ಬಿಳಿಯ ಅಧಿಕಾರಿಗಳಿಗೆ ವಿಶ್ರಾಂತಿಯ ರಜೆ ಸಿಕ್ಕಿತು. ಗೆಳೆಯರ ದೇಹದ ಚೂರುಗಳನ್ನು ಆಯ್ದವರಿಗೆ ಸಿಕ್ಕಿದ್ದು ಮತ್ತೆ ಅದೇ ಕೆಲಸ. ಆಗಸ್ಟಿನಲ್ಲಿ ೨೫೮ ಮಂದಿ ಒಲ್ಲೆವೆಂದರು. ಅವರಲ್ಲಿ ೫೦ ಮಂದಿಯ ಮೇಲೆ ದಂಗೆಯ ಆರೋಪ ಹೊರಿಸಿ, ಎಂಟರಿಂದ ಹದಿನೈದು ವರ್ಷಗಳ ಸೆರೆ ವಿಧಿಸಲಾಯಿತು. ಯುದ್ಧ ಮುಗಿದ ಮೇಲೆ, ೧೯೪೬ರಲ್ಲಿ, ಬಹುಮಂದಿಗೆ ಬಿಡುಗಡೆಯೇನೋ ಆಯಿತು, ಕಳಂಕ ಉಳಿಯಿತು. ಹೆದರಿಕೆ ಎರಡು ಕಡೆಯೂ ಇದ್ದಿರಬೇಕು. ಒಂದು ಕಡೆ ಅದಕ್ಕೆ ರಜೆ, ಇನ್ನೊಂದು ಕಡೆ ಸೆರೆಮನೆ!

೨೦೨೪ರ ಜುಲೈ ೧೭ರಂದು ಅಮೆರಿಕದ ನೌಕಾಪಡೆ ೨೫೬ ಮಂದಿಯನ್ನು ದೋಷಮುಕ್ತರೆಂದು ಸಾರಿತು. (ಆ ಹೊತ್ತಿಗೆ ಅವರಲ್ಲಿ ಯಾರೂ ಬದುಕಿರಲಿಲ್ಲ.) ಸಂತೋಷವೇ. ಆದರೆ ಅದರ ಕಾನೂನಿನ ಆಧಾರವನ್ನು ನೋಡಿ: ಎಲ್ಲರನ್ನೂ ಒಟ್ಟಿಗೆ ವಿಚಾರಿಸಿದ್ದು ತಪ್ಪು, ವಕೀಲರ ನೆರವು ಸಾಲದಾಯಿತು. ಹಾಗಾದರೆ ವಿಚಾರಣೆ ಕ್ರಮಬದ್ಧವಾಗಿಯೇ ನಡೆದಿದ್ದಲ್ಲಿ ಇವರು ಇಂದಿಗೂ ಅಪರಾಧಿಗಳೇ? ಕಪ್ಪು ಜನರನ್ನೇ ಆ ಕೆಲಸಕ್ಕೆ ಹಚ್ಚಿದ್ದನ್ನು ಯಾವ ನ್ಯಾಯಸ್ಥಾನ ವಿಚಾರಿಸುತ್ತಿತ್ತು?